ಬೆಳ್ತಂಗಡಿಯ ಗಾಳಿಗೆ ಎಷ್ಟು ತೂಕ?

ಟರ್ಕಿಯ ಕಪಡೋಕಿಯಾದಲ್ಲಿ ಬೆಳಗಿನ ಆಕಾಶದ ತುಂಬ ಬಣ್ಣಬಣ್ಣದ ಬಲೂನುಗಳು ತೇಲುವ ವಿಡಿಯೊ ಈಗ ಯಾರ ಫೋನಿಗೆ ಬಂದಿಲ್ಲ? ಅದನ್ನು ನೋಡಿದ ಬೆಳ್ತಂಗಡಿಯವರಿಗೆ ಒಂದು ಆಸೆ ಹುಟ್ಟುವುದು ಸಹಜ. ನಮ್ಮಲ್ಲಿ ಗಡಾಯಿಕಲ್ಲು ಇದೆ, ಅದರ ತಲೆಯ ಮೇಲೆ ಟಿಪ್ಪುವಿನ ಜಮಾಲಾಬಾದ್ ಕೋಟೆ ಇದೆ. ಬೆನ್ನಿಗೆ ಚಾರ್ಮಾಡಿಯಿಂದ ಕುದುರೆಮುಖದವರೆಗೆ ಘಟ್ಟದ ಗೋಡೆ ಇದೆ. ಧರ್ಮಸ್ಥಳಕ್ಕೆ ದಿನವೂ ಸಾವಿರಾರು ಜನ ಬಂದು ಹೋಗುತ್ತಾರೆ. ಇಲ್ಲೊಂದು ಬಿಸಿಗಾಳಿ ಬಲೂನು ಬಿಟ್ಟರೆ ಜನ ಸಾಲು ನಿಲ್ಲಲಾರರೆ?

ನಿಲ್ಲುತ್ತಾರೆ, ಅನುಮಾನವಿಲ್ಲ. ಆದರೆ ಬಲೂನು ಮೇಲೇಳುವುದಕ್ಕೆ ಜನರ ಸಾಲು ಸಾಲದು. ಕೇಳಲಿಕ್ಕೆ ಪ್ರವಾಸೋದ್ಯಮದ ಪ್ರಶ್ನೆಯಂತಿದ್ದರೂ ಇದರ ಅರ್ಧ ಉತ್ತರ ಭೌತಶಾಸ್ತ್ರದಲ್ಲಿದೆ, ಉಳಿದರ್ಧ ಬೆಳ್ತಂಗಡಿಯ ಭೂಗೋಳದಲ್ಲಿದೆ. ಲೆಕ್ಕ ಹಾಕಿಯೇ ನೋಡೋಣ.

ಮೊದಲಿಗೆ ಗಾಳಿಯನ್ನು ತೂಗಬೇಕು. ಗಾಳಿಗೆ ತೂಕವಿದೆಯೆಂದು ಶಾಲೆಯಲ್ಲಿ ಕಲಿತಿರುತ್ತೇವೆ, ಮನಸ್ಸು ಮಾತ್ರ ನಂಬಿರುವುದಿಲ್ಲ. ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಚಾವಡಿಯನ್ನು ತೆಗೆದುಕೊಳ್ಳಿ. ಒಳಗೆ ಕುರ್ಚಿ, ಮೇಜು, ಮನುಷ್ಯರು ಯಾರೂ ಬೇಡ. ಬರೀ ಗಾಳಿಯೇ ಸುಮಾರು 130 ಕೆಜಿ ತೂಗುತ್ತದೆ. ಒಂದು ಘನಮೀಟರ್ ಗಾಳಿಗೆ ಹೆಚ್ಚುಕಡಿಮೆ 1.2 ಕೆಜಿ. ಇಷ್ಟು ಭಾರದ ವಸ್ತುವಿನ ಅಡಿಯಲ್ಲಿ ನಾವು ಹುಟ್ಟಿ ಬೆಳೆದಿರುವುದರಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ, ಅಷ್ಟೆ.

ಬಾವಿಯಿಂದ ನೀರು ಸೇದಿದವರಿಗೆ ಮುಂದಿನ ಮಾತು ಗೊತ್ತು. ತುಂಬಿದ ಕೊಡ ನೀರೊಳಗೆ ಇರುವ ತನಕ ಹಗ್ಗ ಸಲೀಸಾಗಿ ಬರುತ್ತದೆ, ನೀರಿನಿಂದ ಮೇಲೆ ಬಂದ ಕೂಡಲೇ ತೋಳು ಜಗ್ಗುತ್ತದೆ. ಕೊಡ ಎಷ್ಟು ನೀರನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಂಡಿದೆಯೋ ಅಷ್ಟು ನೀರಿನ ತೂಕದ ಬಲದಿಂದ ಸುತ್ತಲಿನ ನೀರು ಅದನ್ನು ಮೇಲಕ್ಕೆ ನೂಕುತ್ತಿರುತ್ತದೆ. ಆರ್ಕಿಮಿಡೀಸ್ ಕಂಡುಕೊಂಡ ಈ ನಿಯಮ ನೀರಿಗೆಷ್ಟೋ ಗಾಳಿಗೂ ಅಷ್ಟೇ ಸಲ್ಲುತ್ತದೆ. ಬಲೂನು ತಾನಾಗಿ ಹಾರುವುದಿಲ್ಲ. ಹೊರಗಿನ ಭಾರದ ಗಾಳಿ ಒಳಗಿನ ಹಗುರ ಗಾಳಿಯನ್ನು ಮೇಲಕ್ಕೆ ದಬ್ಬುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಒಳಗೆ ಎಷ್ಟು ಬಿಸಿ’ ಎಂಬುದೊಂದೇ ಅಲ್ಲ, ‘ಹೊರಗೆ ಎಷ್ಟು ತಂಪು’ ಎಂಬುದೂ ಹೌದು. ನನಗೆ ಕೇಳಿದರೆ ಎರಡನೆಯದೇ ಮುಖ್ಯ, ಏಕೆಂದರೆ ಒಳಗಿನ ಬಿಸಿಗೆ ಮಿತಿಯಿದೆ. ಬಲೂನಿನ ನೈಲಾನ್ ಬಟ್ಟೆ ಬಾಳಿಕೆ ಬರಬೇಕಾದರೆ ಒಳಗಿನ ಗಾಳಿಯನ್ನು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಇಟ್ಟುಕೊಳ್ಳಬೇಕು. ಹೊರಗಿನ ತಂಪು ನಮ್ಮ ಕೈಯಲ್ಲಿಲ್ಲ. ಅದನ್ನು ಕಾದು ಪಡೆಯಬೇಕು.

ಈಗ 3,000 ಘನಮೀಟರಿನ ಒಂದು ಬಲೂನನ್ನು ಜನವರಿಯ ಬೆಳಗಿನ ಜಾವ ಬೆಳ್ತಂಗಡಿಗೆ ತರೋಣ. ಹೊರಗೆ 22 ಡಿಗ್ರಿ ಇದೆಯೆನ್ನಿ. ಅಷ್ಟು ಗಾತ್ರದ ಹೊರಗಾಳಿಯ ತೂಕ ಸುಮಾರು 3,540 ಕೆಜಿ. ಅದೇ ಗಾತ್ರದ ಗಾಳಿ 100 ಡಿಗ್ರಿಗೆ ಕಾದಾಗ 2,800 ಕೆಜಿ. ನಡುವಿನ ವ್ಯತ್ಯಾಸ 740 ಕೆಜಿ, ಬಲೂನು ಎತ್ತಬಲ್ಲದ್ದು ಇಷ್ಟೇ. ಇದರಲ್ಲಿ ಬಟ್ಟೆ, ಬೆತ್ತದ ಬುಟ್ಟಿ, ಬರ್ನರ್, ತುಂಬಿದ ಗ್ಯಾಸ್ ಸಿಲಿಂಡರುಗಳ ಬಾಬ್ತು ಸುಮಾರು 400 ಕೆಜಿ ಕಳೆಯಿರಿ. ಉಳಿದ 340 ಕೆಜಿಯಲ್ಲಿ ಪೈಲಟನನ್ನೂ ಸೇರಿಸಿ ನಾಲ್ಕೈದು ಜನ ನಿಲ್ಲಬಹುದು.

ಅದೇ ಬಲೂನನ್ನು ಮೇ ತಿಂಗಳ ಮಧ್ಯಾಹ್ನ, 35 ಡಿಗ್ರಿ ಸೆಕೆಯಲ್ಲಿ ಎಬ್ಬಿಸಲು ಹೋಗಿ. ಎತ್ತುವ ಶಕ್ತಿ 590 ಕೆಜಿಗೆ ಇಳಿಯುತ್ತದೆ. ಬಟ್ಟೆ ಬುಟ್ಟಿಯ ತೂಕ ಕಡಿಮೆಯಾಗುವುದಿಲ್ಲವಲ್ಲ. ಜನರಿಗೆ ಉಳಿಯುವುದು 190 ಕೆಜಿ. ಪೈಲಟ್ ಮತ್ತು ಇನ್ನೊಬ್ಬ, ಅಲ್ಲಿಗೆ ಮುಗಿಯಿತು. ಹದಿಮೂರು ಡಿಗ್ರಿಯ ವ್ಯತ್ಯಾಸ ಇಬ್ಬರನ್ನು ನೆಲದ ಮೇಲೆ ಬಿಟ್ಟಿತು. ಬಿಸಿಗಾಳಿ ಬಲೂನಿಗೆ ಬಿಸಿಲೇ ಶತ್ರು.

ಕರಾವಳಿಯವರು ಇಲ್ಲಿ ಇನ್ನೊಂದು ಪ್ರಶ್ನೆ ಎತ್ತಬಹುದು. ನಮ್ಮ ಗಾಳಿಯಲ್ಲಿ ನೀರಿನಂಶ ಜಾಸ್ತಿ, ಅದರಿಂದ ಗಾಳಿ ಭಾರವಾಗಿ ಬಲೂನಿಗೆ ಒಳ್ಳೆಯದೇ ಅಲ್ಲವೆ? ಬೆವರು ಆರದ ದಿನ ‘ಗಾಳಿ ಭಾರ’ ಎನಿಸುವುದು ನಿಜ, ಆದರೆ ತಕ್ಕಡಿ ಒಪ್ಪುವುದಿಲ್ಲ. ತೇವದ ಗಾಳಿ ಒಣಗಾಳಿಗಿಂತ ಹಗುರ. ಗಾಳಿಯಲ್ಲಿರುವ ನೈಟ್ರೋಜನ್ ಅಣುವಿನ ತೂಕ 28, ಆಕ್ಸಿಜನ್ನಿನದು 32. ಅವುಗಳ ಜಾಗಕ್ಕೆ ಬಂದು ಕೂರುವ ನೀರಿನ ಅಣುವಿನದು ಬರೀ 18. ಬೆಳ್ತಂಗಡಿಯ ತೇವ ಅಲ್ಲಿಯ ಗಾಳಿಯನ್ನು ಸುಮಾರು ಶೇಕಡಾ ಒಂದರಷ್ಟು ಹಗುರ ಮಾಡುತ್ತದೆ. ಒಳಗೆ ಕಾಯುವುದೂ ಅದೇ ತೇವದ ಗಾಳಿಯಾದ್ದರಿಂದ ನಮ್ಮ ಬಲೂನಿಗೆ ಆಗುವ ನಷ್ಟ ಏಳೆಂಟು ಕೆಜಿ ಮಾತ್ರ. ತೇವ ನಮ್ಮನ್ನು ಕಾಡುವಷ್ಟು ಬಲೂನನ್ನು ಕಾಡುವುದಿಲ್ಲ. ಬೆಳ್ತಂಗಡಿಯ ತೊಡಕು ಬೇರೆ ಕಡೆ ಇದೆ.

ನಾನು ಬಲೂನು ಹತ್ತಿದ್ದು ಚಳಿಗಾಲದ ಜೈಪುರದಲ್ಲಿ. ಜೊತೆಗೆ ಬಂದವನು ಬಂಟ್ವಾಳದಲ್ಲಿ ಅಡಿಕೆ ವ್ಯಾಪಾರ ಮಾಡುವ ಗೆಳೆಯ. ಇನ್ನೂ ಕತ್ತಲಿರುವಾಗಲೇ ಆಮೇರಿನ ಆಚೆಯ ಬಯಲಿಗೆ ಕರೆದೊಯ್ದವರು ಮೊದಲು ಕೇಳಿದ್ದು ಹೆಸರನ್ನಲ್ಲ, ತೂಕವನ್ನು. ಗೆಳೆಯನಿಗೆ ಖುಷಿಯಾಯಿತು. “ಇವರದ್ದು ನಮ್ಮದೇ ಲೆಕ್ಕ ಮಾರಾಯ, ಚೀಲದ ತೂಕ ಕಳೆದರೆ ಉಳಿದದ್ದು ಮಾಲು” ಎಂದ. ಆ ಚಳಿಯಲ್ಲಿ, ಒಂಬತ್ತು ಡಿಗ್ರಿಯೆಂದು ಇಟ್ಟುಕೊಂಡರೆ, ನಮ್ಮ ಲೆಕ್ಕದ ಬಲೂನು 870 ಕೆಜಿ ಎತ್ತುತ್ತದೆ. ಬೆಳ್ತಂಗಡಿಯ ಜನವರಿಗಿಂತ 130 ಕೆಜಿ ಹೆಚ್ಚು. ಜೈಪುರ ಸಮುದ್ರಮಟ್ಟದಿಂದ ನಾನೂರು ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಿದ್ದೂ ಚಳಿ ಗೆಲ್ಲುತ್ತದೆ.

ಬಲೂನನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಪೆಟ್ರೋಲ್ ಎಂಜಿನ್ನಿನ ದೊಡ್ಡ ಫ್ಯಾನಿನಿಂದ ಮೊದಲು ತಣ್ಣನೆಯ ಗಾಳಿಯನ್ನೇ ತುಂಬುತ್ತಾರೆ. ಬಟ್ಟೆ ಉಬ್ಬಿ ಗುಡ್ಡದಂತಾದ ಮೇಲೆ ಬರ್ನರ್ ಹೊತ್ತುತ್ತದೆ. ಅಡುಗೆಮನೆಯ ಗ್ಯಾಸ್ ಒಲೆಯ ಒಂದು ಬರ್ನರ್ ಸುಮಾರು ಎರಡು ಕಿಲೊವ್ಯಾಟ್ ಶಾಖ ಕೊಟ್ಟರೆ ಇದು ನಾಲ್ಕು ಮೆಗಾವ್ಯಾಟ್ ಕೊಡುತ್ತದೆ, ಎಂದರೆ ಎರಡು ಸಾವಿರ ಪಟ್ಟು. ಸದ್ದು ಕಿವಿಗೆ ಅಪ್ಪಳಿಸುತ್ತದೆ, ತಲೆಯ ಮೇಲಿನ ಕೂದಲು ಕಾಯುತ್ತದೆ. ಮಲಗಿದ್ದ ಬಲೂನು ಎದ್ದು ನಿಲ್ಲುವಾಗ ಬುಟ್ಟಿಯೊಳಗೆ ಹತ್ತಲು ಅವಸರ ಮಾಡುತ್ತಾರೆ. ನೆಲ ಬಿಟ್ಟದ್ದು ಗೊತ್ತಾಗುವುದಿಲ್ಲ. ಕುಲುಕಿಲ್ಲ, ಜಗ್ಗಿಲ್ಲ, ಹಗ್ಗ ಹಿಡಿದಿದ್ದವರ ಮುಖಗಳು ಕೆಳಗೆ ಸರಿಯುತ್ತವೆ, ಅಷ್ಟೆ.

ಸ್ವಲ್ಪ ಎತ್ತರಕ್ಕೆ ಹೋದ ಮೇಲೆ ಗೆಳೆಯ ಕೈಯನ್ನು ಬುಟ್ಟಿಯ ಹೊರಗೆ ಚಾಚಿ ಕೇಳಿದ: “ಎಂತ ಮಾರಾಯ, ಇಷ್ಟು ಮೇಲೆ ಬಂದರೂ ಗಾಳಿಯೇ ಇಲ್ಲವಲ್ಲ!” ಗಾಳಿ ಇತ್ತು. ಕೆಳಗಿನ ಸಾಸಿವೆ ಹೊಲಗಳು ಒಂದರ ಹಿಂದೊಂದು ಹಿಂದೆ ಸರಿಯುತ್ತಿದ್ದವು. ಆದರೆ ನಾವು ಗಾಳಿಯ ಜೊತೆಗೇ ಗಾಳಿಯ ವೇಗದಲ್ಲೇ ಹೋಗುತ್ತಿದ್ದೆವು. ಬೀಸುವುದು ಅನುಭವಕ್ಕೆ ಬರಬೇಕಾದರೆ ಗಾಳಿ ನಮ್ಮನ್ನು ದಾಟಿ ಹೋಗಬೇಕು. ಬುಟ್ಟಿಯಲ್ಲಿ ದೀಪ ಹಚ್ಚಿಟ್ಟರೆ ಕುಡಿ ಅಲುಗದು. ಬರ್ನರ್ ನಿಂತ ಗಳಿಗೆಯಲ್ಲಿ ಕೆಳಗಿನ ಊರಿನ ನಾಯಿ ಬೊಗಳುವುದು, ಕೋಳಿ ಕೂಗುವುದು, ಯಾರೋ ತಾಯಿ ಮಗುವನ್ನು ಗದರುವುದು ಎಲ್ಲ ಸ್ಪಷ್ಟವಾಗಿ ಕೇಳುತ್ತದೆ. ಎತ್ತರವೆಂದರೆ ಹೆದರುವ, ಮನೆಯ ತಾರಸಿಯ ಅಂಚಿಗೂ ಹೋಗದ ಗೆಳೆಯ ಬುಟ್ಟಿಯ ಅಂಚಿಗೆ ಒರಗಿ ಕೆಳಗೆ ನೋಡುತ್ತಿದ್ದ. ನೆಲದಿಂದ ಮೇಲಕ್ಕೆ ಎದ್ದು ನಿಂತ ಗೋಡೆ ಕಣ್ಣಿಗೆ ಬೀಳದಿದ್ದರೆ ತಲೆ ಸುತ್ತುವುದು ಕಡಿಮೆಯೆಂದು ಬಲೂನು ಹತ್ತಿದ ಬಹಳ ಮಂದಿ ಹೇಳುತ್ತಾರೆ.

ಪೈಲಟ್ ಬೆಂಕಿ ಬಿಟ್ಟರೆ ಬಲೂನು ತಕ್ಷಣ ಏಳುವುದಿಲ್ಲ, ಕೆಲವು ಸೆಕೆಂಡು ತಡ. ಕಾರಣ ಮತ್ತೆ ತೂಕವೇ. ಬುಟ್ಟಿ, ಜನ, ಬಟ್ಟೆಯ ಜೊತೆಗೆ ಒಳಗಿರುವ ಎರಡೂಮುಕ್ಕಾಲು ಟನ್ ಬಿಸಿಗಾಳಿಯೂ ಸರಿಯಬೇಕು. ತೇಲುವಾಗ ತೂಕವಿಲ್ಲದ ಹಾಗೆ ಕಂಡರೂ ಒಟ್ಟು ಮೂರೂವರೆ ಟನ್ನಿನ ಜಡತ್ವ ಅಲ್ಲಿಯೇ ಇರುತ್ತದೆ. ಇಳಿಯುವಾಗ ಅದು ತನ್ನ ಇರವನ್ನು ತೋರಿಸುತ್ತದೆ. ಮಂಡಿ ಬಗ್ಗಿಸಿ, ಬುಟ್ಟಿಯೊಳಗಿನ ಹಗ್ಗದ ಹಿಡಿ ಹಿಡಿದು, ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಲು ಹೇಳುತ್ತಾರೆ. ಬುಟ್ಟಿ ಒಮ್ಮೆ ನೆಲಕ್ಕೆ ಬಡಿದು, ನೆಗೆದು, ಮತ್ತೆ ಬಡಿದು, ಸ್ವಲ್ಪ ದೂರ ತೆವಳುತ್ತದೆ. ಇಷ್ಟೆಲ್ಲ ಹೊಸ ಸಾಮಗ್ರಿಗಳು ಬಂದ ಮೇಲೂ ಬುಟ್ಟಿಯನ್ನು ಬೆತ್ತದಲ್ಲೇ ಹೆಣೆಯುವುದು ಚೆಂದಕ್ಕಲ್ಲ. ಬೆತ್ತ ಬಾಗಿ ಪೆಟ್ಟನ್ನು ನುಂಗುತ್ತದೆ.

ಇಷ್ಟು ಬೆಳಗ್ಗೆಯೇ ಏಕೆ ಎಬ್ಬಿಸುತ್ತಾರೆ? ತಂಪು ಒಂದು ಕಾರಣ. ಇನ್ನೊಂದು ಕಾರಣವನ್ನು ನೋಡಲು ಜೈಪುರಕ್ಕೆ ಹೋಗಬೇಕಾಗಿಲ್ಲ. ಮುಂಡಾಜೆಯಲ್ಲೋ ಕಕ್ಕಿಂಜೆಯಲ್ಲೋ ಜನವರಿಯ ಬೆಳಗ್ಗೆ ಅಂಗಳಕ್ಕೆ ಬಂದು ನಿಂತರೆ ಸಾಕು. ಸ್ನಾನದ ನೀರು ಕಾಯಿಸುವ ಬಚ್ಚಲೊಲೆಯ ಹೊಗೆ ನೇರ ಮೇಲೇರಿ, ತೆಂಗಿನ ತಲೆಯಿಂದ ಸ್ವಲ್ಪ ಮೇಲೆ ಹೋಗಿ, ಅಲ್ಲಿ ಏನೋ ಅಡ್ಡ ಬಂದಂತೆ ಚಪ್ಪಟೆಯಾಗಿ ಹರಡುತ್ತದೆ. ನೆರೆಮನೆಯ ಹೊಗೆಯೂ ಅದೇ ಎತ್ತರದಲ್ಲಿ ಬಂದು ಸೇರುತ್ತದೆ. ರಾತ್ರಿಯಿಡೀ ನೆಲ ತನ್ನ ಶಾಖವನ್ನು ಬಿಟ್ಟುಕೊಟ್ಟು ತಣ್ಣಗಾಗಿ, ತನಗೆ ತಾಗಿದ ಗಾಳಿಯನ್ನೂ ತಣ್ಣಗೆ ಮಾಡಿರುತ್ತದೆ. ಘಟ್ಟದ ಇಳಿಜಾರಿನಿಂದಲೂ ತಂಪು ಗಾಳಿ ಜಾರಿ ಕಣಿವೆಯಲ್ಲಿ ತುಂಬಿರುತ್ತದೆ. ಕೆಳಗೆ ತಂಪು, ಮೇಲೆ ಬೆಚ್ಚಗೆ. ಹಗಲಿನಲ್ಲಿ ಇರುವುದಕ್ಕೆ ಇದು ತಲೆಕೆಳಗು, ಆದ್ದರಿಂದ ವಿಜ್ಞಾನಿಗಳು ಇದನ್ನು ತಾಪ ವಿಲೋಮ ಎನ್ನುತ್ತಾರೆ. ಹೊಗೆ ತನ್ನಷ್ಟೇ ಬೆಚ್ಚಗಿನ ಪದರವನ್ನು ಮುಟ್ಟಿದ ಮೇಲೆ ಅದಕ್ಕೆ ಏರಲು ಕಾರಣವೇ ಉಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಗಾಳಿ ಪದರಪದರವಾಗಿ ಶಾಂತವಾಗಿರುತ್ತದೆ, ಬಲೂನಿಗೆ ಬೇಕಾದದ್ದು ಅದೇ.

ಬಿಸಿಲೇರಿದರೆ ಈ ವ್ಯವಸ್ಥೆ ಮುರಿಯುತ್ತದೆ. ಹತ್ತು ಗಂಟೆಯ ಹೊತ್ತಿಗೆ ಗಡಾಯಿಕಲ್ಲಿನ ಬಂಡೆ ಕಾದಿರುತ್ತದೆ. ಸುತ್ತಲಿನ ಕಾಡು, ತೋಟಗಳು ಅಷ್ಟು ಕಾದಿರುವುದಿಲ್ಲ. ಬಂಡೆಯ ಮೇಲಿನ ಗಾಳಿ ಕಂಬದ ಹಾಗೆ ಮೇಲೇಳುತ್ತದೆ, ಪಕ್ಕದ ಗಾಳಿ ಕೆಳಗಿಳಿಯುತ್ತದೆ. ಗರುಡ ರೆಕ್ಕೆ ಬಡಿಯದೆ ಸುತ್ತುತ್ತ ಸುತ್ತುತ್ತ ಏರುವುದು ಕಂಡಿತೆಂದರೆ ಬಲೂನಿಗೆ ಹೊತ್ತು ಮೀರಿತೆಂದು ತಿಳಿಯಿರಿ.

ಹೊಗೆಯ ಮಾತು ಬಂದದ್ದರಿಂದ ಒಂದು ಹಳೆಯ ಕಥೆ. 1783ರ ಜೂನ್ 4ರಂದು ಫ್ರಾನ್ಸಿನ ಅನೊನೇ ಎಂಬ ಊರಿನಲ್ಲಿ ಮೊದಲ ಬಾರಿಗೆ ಬಿಸಿಗಾಳಿ ಬಲೂನನ್ನು ಎಲ್ಲರೆದುರು ಹಾರಿಸಿದ ಮಾಂಟ್‌ಗಾಲ್ಫಿಯೆ ಸಹೋದರರು ಕಾಗದ ತಯಾರಿಸುವ ಮನೆತನದವರು. ಬಲೂನನ್ನು ಎತ್ತುವುದು ಹೊಗೆಯೆಂದೇ ಅವರು ನಂಬಿದ್ದರು. ಅದಕ್ಕಾಗಿ ಒದ್ದೆ ಹುಲ್ಲು, ಉಣ್ಣೆ ಸುಟ್ಟು ದಟ್ಟ ಹೊಗೆ ಎಬ್ಬಿಸುತ್ತಿದ್ದರು. ಕಾರಣ ತಪ್ಪು, ಬಲೂನು ಮಾತ್ರ ಹಾರಿತು. ಸೆಪ್ಟೆಂಬರಿನಲ್ಲಿ ವರ್ಸೇಲ್ಸ್ ಅರಮನೆಯ ಮುಂದೆ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಮೇಲೆ ಹೋಗಿ ಬಂದವು. ನವೆಂಬರ್ 21ರಂದು ಪ್ಯಾರಿಸ್ಸಿನಲ್ಲಿ ಪಿಲಾತ್ರ್ ದ ರೋಜಿಯೆ ಮತ್ತು ಮಾರ್ಕಿ ದಾರ್ಲಾಂದ್ ಎಂಬ ಇಬ್ಬರು ಹತ್ತಿದರು. ಮನುಷ್ಯರು ಹಗ್ಗದ ಕಟ್ಟಿಲ್ಲದೆ ಹಾರಿದ್ದು ಅದೇ ಮೊದಲು. ಸುಮಾರು 25 ನಿಮಿಷ, ಒಂಬತ್ತು ಕಿಲೊಮೀಟರ್. ಕೈಯಿಂದ ಹುಲ್ಲು ಹಾಕಿ ಬೆಂಕಿ ಉರಿಸಬೇಕಿತ್ತು. ದಾರ್ಲಾಂದ್ ಕೆಳಗಿನ ಊರನ್ನು ನೋಡುತ್ತ ಮೈಮರೆತದ್ದಕ್ಕೆ ರೋಜಿಯೆ ಅವನನ್ನು ಗದರಿಸಿದ್ದಾಗಿ ದಾರ್ಲಾಂದನೇ ಬರೆದಿಟ್ಟಿದ್ದಾನೆ. ಕಿಡಿ ಹಾರಿ ಬಟ್ಟೆಯಲ್ಲಿ ತೂತು ಬಿದ್ದಾಗ ಒದ್ದೆ ಸ್ಪಂಜಿನಿಂದ ಒತ್ತಿ ಆರಿಸಿದರು. ಜೊತೆಗೆ ಬಂದ ಗೆಳೆಯ ಕೆಲಸ ಬಿಟ್ಟು ನೋಟ ನೋಡುವುದು ಬಲೂನು ಯಾನದ ಮೊದಲ ದಿನದಿಂದಲೂ ಇದ್ದದ್ದೇ.

ರೋಜಿಯೆ 1785ರಲ್ಲಿ ಹೈಡ್ರೋಜನ್ ಮತ್ತು ಬಿಸಿಗಾಳಿ ಎರಡನ್ನೂ ಒಂದೇ ಬಲೂನಿಗೆ ಜೋಡಿಸಿ ಇಂಗ್ಲಿಷ್ ಕಾಲುವೆ ದಾಟಲು ಹೊರಟು ಸತ್ತ. ಉರಿಯುವ ಅನಿಲದ ಕೆಳಗೆ ಬೆಂಕಿಯಿಡುವುದು ಹುಚ್ಚುತನವೆಂದು ಈಗ ಯಾರಾದರೂ ಹೇಳಿಯಾರು. ಆದರೆ ಹೈಡ್ರೋಜನ್ನಿನ ಜಾಗದಲ್ಲಿ ಉರಿಯದ ಹೀಲಿಯಂ ಇಟ್ಟರೆ ಉಪಾಯ ಬಹಳ ಒಳ್ಳೆಯದು. 1999ರ ಮಾರ್ಚಿನಲ್ಲಿ ಬರ್ಟ್ರಾಂಡ್ ಪಿಕಾರ್ ಮತ್ತು ಬ್ರಯಾನ್ ಜೋನ್ಸ್ ಎಲ್ಲೂ ಇಳಿಯದೆ ಭೂಮಿಯನ್ನು ಸುತ್ತಿ ಬಂದ ‘ಬ್ರೈಟ್ಲಿಂಗ್ ಆರ್ಬಿಟರ್ 3’ ಇದೇ ಬಗೆಯದು. ಅದು ಭಾರತದ ಮೇಲಿನಿಂದಲೂ ಹಾದುಹೋಯಿತು. ನಮ್ಮ ಜೈಪುರದ ಬಲೂನಿನ ಬಗೆಯದು, ನೈಲಾನ್ ಬಟ್ಟೆ ಮತ್ತು ಪ್ರೊಪೇನ್ ಬರ್ನರಿನದು, ಇವೆರಡರ ನಡುವೆ ಹುಟ್ಟಿತು: 1960ರ ಅಕ್ಟೋಬರಿನಲ್ಲಿ ಅಮೆರಿಕದ ಎಡ್ ಯೋಸ್ಟ್ ಹಾರಿದಾಗ. ಬಿಸಿಗಾಳಿಯೊಂದರಿಂದಲೇ ಅತಿ ಎತ್ತರಕ್ಕೆ ಹೋದ ದಾಖಲೆ ಭಾರತೀಯರದು. 2005ರ ನವೆಂಬರ್ 26ರಂದು ಮುಂಬೈಯಿಂದ ಎದ್ದ ವಿಜಯಪತ್ ಸಿಂಘಾನಿಯಾ ಒತ್ತಡ ಕಾಯ್ದ ಕ್ಯಾಬಿನ್ನಿನಲ್ಲಿ ಕೂತು 21 ಕಿಲೊಮೀಟರ್ ಏರಿ ನಾಸಿಕದ ಕಡೆ ಇಳಿದರು. ಅದಕ್ಕೂ ಬಹಳ ಹಿಂದೆ, 1889ರಲ್ಲಿ, ಕಲ್ಕತ್ತೆಯ ರಾಮಚಂದ್ರ ಚಟರ್ಜಿ ಕಲ್ಲಿದ್ದಲ ಅನಿಲ ತುಂಬಿದ ಬಲೂನಿನಲ್ಲಿ ಏರಿ ಊರಿಗೆಲ್ಲ ಹೆಸರಾಗಿದ್ದರು.

ಬಲೂನಿಗೆ ಚುಕ್ಕಾಣಿ ಇಲ್ಲ. ಹಾಗಾದರೆ ಪೈಲಟ್ ಮಾಡುವುದೇನು? ಏರುತ್ತಾನೆ, ಇಳಿಯುತ್ತಾನೆ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಬೀಸುತ್ತದೆ. ಬೇಕಾದ ದಿಕ್ಕಿನ ಪದರವನ್ನು ಹುಡುಕಿ ಅದರಲ್ಲಿ ನಿಲ್ಲುವುದೇ ಅವನ ವಿದ್ಯೆ. ಈ ಮಾತನ್ನು ನಂಬಲು ಕಷ್ಟವಾದರೆ ಮಂಗಳೂರಿನ ಪಣಂಬೂರಿಗೆ ಬನ್ನಿ. ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಅಲ್ಲಿಂದ ಬಲೂನುಗಳನ್ನು ಬಿಡುತ್ತದೆ. ಬೆಂಕಿಯಿಲ್ಲ, ಬುಟ್ಟಿಯಿಲ್ಲ, ಹಗುರ ಅನಿಲ ತುಂಬಿದ ರಬ್ಬರ್ ಬಲೂನಿನ ಕೆಳಗೆ ಅಂಗೈಯಗಲದ ಒಂದು ಪೆಟ್ಟಿಗೆ. ಅದರ ಹೆಸರು ರೇಡಿಯೊಸಾಂಡ್. ನಿಮಿಷಕ್ಕೆ ಸುಮಾರು 300 ಮೀಟರಿನಂತೆ ಏರುತ್ತ ಗಾಳಿಯ ಒತ್ತಡ, ಶಾಖ, ತೇವವನ್ನು ರೇಡಿಯೊದಲ್ಲಿ ಕಳಿಸುತ್ತ ಹೋಗುತ್ತದೆ. ಅದು ತೇಲಿಹೋಗುವ ದಾರಿಯಿಂದ ಗಾಳಿಯ ದಿಕ್ಕು, ವೇಗ ತಿಳಿಯುತ್ತದೆ. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿದು ರಬ್ಬರ್ ಹಿಗ್ಗುತ್ತದೆ, 30 ಕಿಲೊಮೀಟರಿನ ಆಸುಪಾಸಿನಲ್ಲಿ ಒಡೆಯುತ್ತದೆ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಮತ್ತು ಸಂಜೆ ಐದೂವರೆಯ ಲೆಕ್ಕಕ್ಕೆ ಜಗತ್ತಿನ ಎಂಟುನೂರಕ್ಕೂ ಹೆಚ್ಚು ಕೇಂದ್ರಗಳು ಹೀಗೆ ಒಟ್ಟಿಗೇ ಗಾಳಿಯನ್ನು ಅಳೆಯುತ್ತವೆ. ನಾಳೆ ಮಳೆಯೆಂದು ಫೋನು ಹೇಳುವ ಮಾತಿನ ಹಿಂದೆ ಈ ಬಲೂನುಗಳಿವೆ.

ಮಳೆಗಾಲದಲ್ಲಿ ಪಣಂಬೂರಿನಿಂದ ಬಿಟ್ಟ ಬಲೂನಿನ ಗತಿಯನ್ನು ಊಹಿಸಿ. ಮೊದಲು ಪಡುವಣ ಗಾಳಿ ಅದನ್ನು ಬಂಟ್ವಾಳ, ಬೆಳ್ತಂಗಡಿಯತ್ತ, ಘಟ್ಟದ ಕಡೆಗೆ ಅಟ್ಟಿಕೊಂಡು ಬರುತ್ತದೆ. ಸುಮಾರು ಒಂದೂವರೆ ಕಿಲೊಮೀಟರ್ ಎತ್ತರದಲ್ಲಿ ಈ ಗಾಳಿ ಅತಿ ಜೋರು. ಅಲ್ಲೊಂದು ಗಾಳಿಯ ಹೊಳೆಯೇ ಹರಿಯುತ್ತಿದೆಯೆಂದು ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ 1966ರಲ್ಲಿ ತೋರಿಸಿದರು. ಇನ್ನೂ ಮೇಲೆ ಹೋದರೆ ಗಾಳಿ ಮಂದವಾಗಿ, ದಿಕ್ಕು ಬದಲಿಸಿ, ಕೊನೆಗೆ ಮೂಡಣದಿಂದ ಬೀಸತೊಡಗುತ್ತದೆ. ಹದಿನಾಲ್ಕು ಹದಿನೈದು ಕಿಲೊಮೀಟರ್ ಎತ್ತರದಲ್ಲಿ ಅದು ರಭಸದ ಪ್ರವಾಹ. ಉಷ್ಣವಲಯದ ಈ ಪೂರ್ವ ಜೆಟ್ ಪ್ರವಾಹವನ್ನು 1958ರಲ್ಲಿ ವಿವರಿಸಿದವರು ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ. ಘಟ್ಟದ ಕಡೆ ಹೊರಟ ಬಲೂನು ಅಲ್ಲಿ ತಿರುಗಿ ಕಡಲಿನತ್ತ ಸಾಗುತ್ತದೆ. ಕೆಳಗೆ ಕೊಡೆಯನ್ನು ಒಂದು ದಿಕ್ಕಿಗೆ ಬಾಗಿಸಿ ನಡೆಯುತ್ತಿರುವ ನಮಗೆ ತಲೆಯ ಮೇಲೆ ತದ್ವಿರುದ್ಧ ಗಾಳಿಯಿರುವುದು ಗೊತ್ತಾಗುವುದೇ ಇಲ್ಲ.

ಕರ್ನಾಟಕದ ಇನ್ನೊಂದು ಮೂಲೆಗೆ ಬರುವ ಬಲೂನುಗಳು ಇವಕ್ಕಿಂತ ಎಷ್ಟೋ ಪಾಲು ದೊಡ್ಡವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹೈದರಾಬಾದಿನಿಂದ ಪಾಲಿಥೀನ್ ಬಲೂನುಗಳನ್ನು ಮೂವತ್ತು ನಲವತ್ತು ಕಿಲೊಮೀಟರ್ ಎತ್ತರಕ್ಕೆ ಬಿಡುತ್ತದೆ. ಅವುಗಳಲ್ಲೊಂದು 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ ಬಂದಿಳಿದಾಗ ಊರಿನವರು ಗಾಬರಿಯಾದರು. ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯ ದೇವಾಲಯಕ್ಕೆ ಹೆಸರಾದ ಊರು ಅದು. ಗಾಬರಿಯಾದದ್ದರಲ್ಲಿ ತಪ್ಪೇನೂ ಇಲ್ಲ. 1783ರ ಆಗಸ್ಟಿನಲ್ಲಿ ಜಾಕ್ ಶಾರ್ಲ್ ಬಿಟ್ಟ ಮೊದಲ ಹೈಡ್ರೋಜನ್ ಬಲೂನು ಪ್ಯಾರಿಸ್ ಹತ್ತಿರದ ಗೊನೆಸ್ ಎಂಬ ಹಳ್ಳಿಯಲ್ಲಿ ಬಿದ್ದಾಗ ಅಲ್ಲಿಯ ರೈತರು ಕವೆಗೋಲು ಹಿಡಿದು ಅದನ್ನು ಚಿಂದಿ ಮಾಡಿದ್ದರು. ಜಲಸಂಗಿಯವರು ಪೊಲೀಸರಿಗೆ ತಿಳಿಸಿದರು. ಈ ಹೋಲಿಕೆಯಲ್ಲಿ ನಮ್ಮವರೇ ಮೇಲು.

ಈಗ ಬೆಳ್ತಂಗಡಿಯ ತೀರ್ಪು. ಜನವರಿಯ ಬೆಳಗ್ಗೆ ನಮ್ಮ ಬಲೂನು ಏಳುತ್ತದೆ, ನಾಲ್ಕೈದು ಜನರನ್ನು ಎತ್ತುತ್ತದೆ. ಅದು ಲೆಕ್ಕದಲ್ಲಿ ಗೆದ್ದಾಯಿತು. ಸೋಮಾವತಿ ಹೊಳೆಯ ಕಣಿವೆಯ ಶಾಂತ ಗಾಳಿಯಿಂದ ಮೇಲೆ ಬಂದ ಕೂಡಲೇ ಘಟ್ಟ ದಾಟಿ ಬರುವ ಮೂಡಣ ಗಾಳಿಗೆ ಸಿಕ್ಕುತ್ತದೆ. ಬೆಟ್ಟದ ಗೋಡೆ ದಾಟಿ ಇಳಿಯುವ ಗಾಳಿ ಸಮನಾಗಿ ಹರಿಯುವುದಿಲ್ಲ, ಸುಳಿ ಕಟ್ಟುತ್ತದೆ. ಇದನ್ನೂ ಸಂಭಾಳಿಸಿದೆವೆನ್ನಿ. ಇಳಿಯುವುದೆಲ್ಲಿ? ಪಶ್ಚಿಮಕ್ಕೆ ಬಂಟ್ವಾಳದವರೆಗೆ ಅಡಿಕೆ ತೋಟ, ರಬ್ಬರ್ ತೋಟ, ಗುಡ್ಡ, ನಡುನಡುವೆ ಚಿಕ್ಕ ಗದ್ದೆ. ಗದ್ದೆ ಸಿಕ್ಕಿತೆಂದರೆ ಅದರ ಮೇಲೆ ವಿದ್ಯುತ್ ತಂತಿ. ಉತ್ತರ, ಪೂರ್ವಕ್ಕೆ ಕುದುರೆಮುಖದ ರಕ್ಷಿತಾರಣ್ಯ. ಇನ್ನೂ ಪಶ್ಚಿಮಕ್ಕೆ ಹೋದರೆ ಬಜ್ಪೆಯ ವಿಮಾನಗಳ ದಾರಿ, ಆಮೇಲೆ ಸಮುದ್ರ. ಜೈಪುರದ ಪೈಲಟ್ ಕಣ್ಣು ಹಾಯಿಸಿದಲ್ಲೆಲ್ಲ ಇಳಿಯುವ ಜಾಗ ಕಾಣುತ್ತಿತ್ತು. ಹಿಂದೆ ಓಡಿಬರುತ್ತಿದ್ದ ಜೀಪಿಗೂ ದಾರಿ ಇತ್ತು. ಬೀದರ್, ವಿಜಯಪುರ, ಬಳ್ಳಾರಿ ಕಡೆಯ ಬಯಲಿನಲ್ಲಿ ಅದು ಸಿಕ್ಕೀತು, ಇಲ್ಲಿ ಸಿಕ್ಕದು. ಏರುವುದು ಭೌತಶಾಸ್ತ್ರ, ಇಳಿಯುವುದು ಭೂಗೋಳ. ಉಜಿರೆಯ ಒಂದು ಮೈದಾನದಲ್ಲಿ ಹಗ್ಗ ಕಟ್ಟಿ, ಸೂರ್ಯ ಹುಟ್ಟುವ ಹೊತ್ತಿಗೆ ನೂರಡಿ ಏರಿಸಿ ಇಳಿಸುವುದಾದರೆ ಆದೀತು. ಮಕ್ಕಳಿಗೆ ಆರ್ಕಿಮಿಡೀಸನನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಹಗ್ಗ ಬಿಚ್ಚಿ ಬಿಡುವ ಯೋಚನೆ ಬೇಡ.

ತಂತಿಯ ಮಾತನ್ನು ಹಗುರವಾಗಿ ಹೇಳಿದ್ದಲ್ಲ. 2016ರ ಜುಲೈ 30ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಲಾಕ್‌ಹಾರ್ಟ್ ಬಳಿ ಬಲೂನು ವಿದ್ಯುತ್ ತಂತಿಗೆ ತಗಲಿ ಅದರಲ್ಲಿದ್ದ 16 ಜನರೂ ಸತ್ತರು. ಅಂದು ಮಂಜು, ಕೆಳಮಟ್ಟದ ಮೋಡ ಇದ್ದರೂ ಬಲೂನು ಹೊರಟಿತ್ತು. 2013ರಲ್ಲಿ ಈಜಿಪ್ಟಿನ ಲಕ್ಸರಿನಲ್ಲಿ ಇಳಿಯುವ ಹೊತ್ತಿಗೆ ಬೆಂಕಿ ಹತ್ತಿ 19 ಜನ ಸತ್ತರು. ಬಲೂನು ಹತ್ತುವವರು ಹೆದರಲೆಂದು ಇದನ್ನು ಹೇಳುತ್ತಿಲ್ಲ. ಹೋಗಬೇಕಾದಲ್ಲಿ ಹೋಗಿ, ಗೆಳೆಯರನ್ನೂ ಕರೆದುಕೊಂಡು ಹೋಗಿ. ತೂಕ ಕೇಳಿದರೆ ಸರಿಯಾದ ತೂಕ ಹೇಳಿ. ಪೈಲಟನಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ಇದೆಯೇ ಎಂದು ಮೊದಲೇ ವಿಚಾರಿಸಿ. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿ, ಬಯಲಿಗೆ ಕರೆದೊಯ್ದು, ಅಲ್ಲಿ ಗಾಳಿ ನೋಡಿ ‘ಇವತ್ತು ಬೇಡ’ ಎಂದು ಪೈಲಟ್ ಹೇಳಿದರೆ ವಾದ ಮಾಡಬೇಡಿ. ಹೇಗೂ ಇಂಥ ದಿನ ಬರಬಹುದಾದ್ದರಿಂದ ಬಲೂನನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ, ಮೊದಲ ದಿನಕ್ಕೇ ಇಟ್ಟುಕೊಳ್ಳಿ. ಇವತ್ತು ತಪ್ಪಿದರೆ ನಾಳೆ ಇನ್ನೊಂದು ಬೆಳಗು ಇರುತ್ತದೆ.